528 ಹರ್ಟ್ಸ್‌ನ ಮದ್ದು, 50 ಹರ್ಟ್ಸ್‌ನ ಗುದ್ದು

ಕಾಸರಗೋಡು ಕಡೆಯ ಪೆರ್ಲದ ಬಳಿ ಅತ್ತೆಯ ಮನೆಯಲ್ಲಿ ಉಳಿದಿದ್ದ ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿದ ಮೇಲೆ, ಚಾವಡಿಯ ಕಿಟಕಿಯ ಆರು ಗಾಜುಗಳಲ್ಲಿ ಒಂದು ಮಾತ್ರ ಜಿರ್ರೆಂದು ಅದುರತೊಡಗಿತು. ಅಡಿಕೆತೋಟ ದಾಟಿ ಅರ್ಧ ಕಿಲೋಮೀಟರ್ ಆಚೆಗಿನ ಮೈದಾನದಲ್ಲಿ ಮದುವೆ ಔತಣದ ಡಿಜೆ ನಡೆಯುತ್ತಿತ್ತು. ಹಾಡು ಮಲಯಾಳದ್ದೋ ಹಿಂದಿಯದೋ ತುಳುವಿನದೋ ಗೊತ್ತಾಗುತ್ತಿರಲಿಲ್ಲ. ಮಾತು, ರಾಗ ಎಲ್ಲ ದಾರಿಯಲ್ಲೇ ಸೋರಿಹೋಗಿ ಗುದ್ದು ಮಾತ್ರ ನಮ್ಮಲ್ಲಿಗೆ ತಲಪುತ್ತಿತ್ತು. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಅತ್ತೆಯವರು ಮೊಣಗಂಟಿನ ನೋವಿಗೆಂದು ದಿಂಬಿನ ಪಕ್ಕ ಮೊಬೈಲ್ ಇಟ್ಟುಕೊಂಡು 528 ಹರ್ಟ್ಸ್‌ನ ‘ಗುಣಪಡಿಸುವ ನಾದ’ ಕೇಳುತ್ತಿದ್ದರು. ಇದರಲ್ಲಿ ಏನಾದರೂ ಉಂಟೋ ಅತ್ತೆ ಎಂದು ಕೇಳಿದೆ. “ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ ಮಾರಾಯ, ಮೊಮ್ಮಗಳು ಹಾಕಿಕೊಟ್ಟದ್ದು. ನಿದ್ದೆ ಬರ್ತದೆ” ಎಂದರು. ಆಚೆಯ ಗುದ್ದಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಅದು ಊರಲ್ಲಿ ಇದ್ದದ್ದೇ.

ಈಗ ಮೊಬೈಲುಗಳಲ್ಲಿ ಹರಿದಾಡುವ ಮಾತುಗಳೆಲ್ಲ ಒಂದು ಸಂಖ್ಯೆಯ ಸುತ್ತ ಕಟ್ಟಿದವು. 432 ಮನಸ್ಸಿಗೆ ಶಾಂತಿ, 528 ಜೀವಕೋಶಕ್ಕೆ ದುರಸ್ತಿ, 7.83 ಭೂಮಿಯ ನಾಡಿಮಿಡಿತ, 19 ಭೂತದ ಭಯ ಎಂಬಂತೆ ಪ್ರತಿ ಆವೃತ್ತಿಗೂ ಒಂದು ಫಲಶ್ರುತಿ ಇದೆ. ಶಬ್ದ ಮೈಯ ಮೇಲೆ ಪರಿಣಾಮ ಮಾಡುತ್ತದೆಯೇ ಎಂದು ಕೇಳಿದರೆ ಮಾಡುತ್ತದೆ ಎಂದೇ ಉತ್ತರ, ಅದರಲ್ಲಿ ಸಂದೇಹವಿಲ್ಲ. ಆದರೆ ಹರ್ಟ್ಸ್ ಎಂಬುದು ಗಾಳಿ ಸೆಕೆಂಡಿಗೆ ಎಷ್ಟು ಸಲ ಒತ್ತಿ ಸಡಿಲವಾಗುತ್ತದೆ ಎಂಬ ಲೆಕ್ಕ ಮಾತ್ರ. ಶಬ್ದ ಮೈಯ ಯಾವ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಅದು ಹೇಳೀತು; ಒಳಗೆ ಬಂದು ಏನು ಮಾಡುತ್ತದೆ ಎಂಬುದು ಡೆಸಿಬಲ್ಲಿನಲ್ಲಿ ಅಳೆಯುವ ಬಲಕ್ಕೆ ಮತ್ತು ಕೇಳಿದ ಹೊತ್ತಿಗೆ ಸೇರಿದ ವಿಚಾರ. ಸಂಖ್ಯೆಯನ್ನು ಪೂಜಿಸುವವರೂ ಸಂಖ್ಯೆಗೆ ಹೆದರುವವರೂ ಬಿಟ್ಟುಬಿಡುವುದು ಈ ಎರಡನ್ನೇ.

ಆರು ಗಾಜುಗಳಲ್ಲಿ ಒಂದೇ ಏಕೆ ಅದುರಿತು ಎಂಬಲ್ಲಿಂದ ತೊಡಗಬಹುದು. ಅಡಿಕೆ ಕೊಯ್ಯುವ ಪಳಗಿದವರು ಒಂದು ಮರದ ತಲೆಯಿಂದ ಇಳಿಯದೆಯೇ ಪಕ್ಕದ ಮರಕ್ಕೆ ದಾಟುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಅವರು ಮರವನ್ನು ಜಗ್ಗಿ ಎಳೆಯುವುದಿಲ್ಲ. ಆ ಮರಕ್ಕೆ ತನ್ನದೇ ಎಂಬ ತೂಗುವ ಲಯವೊಂದಿರುತ್ತದೆ, ಅದಕ್ಕೆ ಸರಿಯಾಗಿ ಮೈಯನ್ನು ತೂಗುತ್ತಾರೆ, ನಾಲ್ಕಾರು ತೂಗಿಗೆ ಮರವೇ ಬಾಗಿ ಅವರನ್ನು ಆಚೆ ತಲಪಿಸುತ್ತದೆ. ಇದೇ ಅನುರಣನೆ. ಸಡಿಲವಾಗಿದ್ದ ಆ ಗಾಜಿನ ಲಯವೂ ಡಿಜೆ ಪೆಟ್ಟಿಗೆಯ ಲಯವೂ ಒಂದಾದವು, ಉಳಿದ ಐದರದು ಆಗಲಿಲ್ಲ. ಮನುಷ್ಯದೇಹದ ಭಾಗಗಳಿಗೂ ಇಂಥ ಲಯಗಳು ಇವೆ, ಎದೆಗೂಡಿಗೆ ಸುಮಾರು 50ರಿಂದ 100 ಹರ್ಟ್ಸ್‌ನ ಆಸುಪಾಸಿನಲ್ಲಿ. ಡಿಜೆ ಪೆಟ್ಟಿಗೆಯ ಮುಂದೆ ನಿಂತವರಿಗೆ ಹಾಡು ಕಿವಿಗಿಂತ ಮೊದಲು ಎದೆಗೆ ಬಂದಂತೆ ಅನಿಸುವುದು ಇದರಿಂದ. ಹಾಗೆಂದು ಎದೆ ಗಾಜಿನ ಹಾಗೆ ಒಡೆಯುವುದಿಲ್ಲ. ಕಂಚಿನ ಗಂಟೆಗೆ ಹೊಡೆದರೆ ಅದು ನಿಮಿಷಗಟ್ಟಲೆ ಮೊಳಗುತ್ತದೆ, ಬಾಳೆದಿಂಡಿಗೆ ಹೊಡೆದರೆ ದಪ್ ಎಂದು ಅಲ್ಲಿಗೇ ಮುಗಿಯುತ್ತದೆ. ನೀರು, ಮಾಂಸ, ಕೊಬ್ಬು ತುಂಬಿದ ನಮ್ಮ ದೇಹ ಬಾಳೆದಿಂಡಿನ ಜಾತಿಯದು, ಯಾವ ಕಂಪನವನ್ನೂ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಅಡ್ಡಿಯೂ ಇದೆ. ಗಾಳಿಯಲ್ಲಿ ಬಂದ ಶಬ್ದ ಚರ್ಮಕ್ಕೆ ತಾಗಿದಾಗ ಅದರ ಶಕ್ತಿಯ ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಇಳಿಯುತ್ತದೆ, ಉಳಿದದ್ದು ತಿರುಗಿ ಗಾಳಿಗೇ ಹೋಗುತ್ತದೆ. ಸ್ಕ್ಯಾನಿಂಗ್ ಮಾಡುವವರು ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ ಬಳಿಯುವುದು ನಡುವಿನ ಗಾಳಿಯನ್ನು ಕಳೆಯಲಿಕ್ಕಾಗಿ. ಜೆಲ್ ಇಲ್ಲದೆ ಯಂತ್ರಕ್ಕೇ ಸಾಧ್ಯವಾಗದ್ದು ದಿಂಬಿನ ಪಕ್ಕದ ಮೊಬೈಲಿಗೆ ಸಾಧ್ಯವಾದೀತೆಂದು ನಂಬುವುದು ಕಷ್ಟ.

ಗಾಳಿಯ ಶಬ್ದವನ್ನು ಒಳಗೆ ತೆಗೆದುಕೊಳ್ಳಲಿಕ್ಕೆಂದೇ ದೇಹ ಮಾಡಿಕೊಂಡ ಬಾಗಿಲು ಕಿವಿ. ಆವೃತ್ತಿಗೆ ನಿಜವಾದ ಅರ್ಥ ಬರುವುದೂ ಅಪಾಯ ನಡೆಯುವುದೂ ಇಲ್ಲಿಯೇ. ಹೊರಗಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅಂಥ ಕೊಳವೆ 3000 ಹರ್ಟ್ಸ್‌ನ ಆಚೀಚಿನ ಶಬ್ದವನ್ನು ತಾನಾಗಿಯೇ ಹಿಗ್ಗಿಸಿ ಒಳಗೆ ಕಳಿಸುತ್ತದೆ. ಒಳಗಿವಿಯ ಶಂಖದಲ್ಲಿ ಸುರುಳಿ ಸುತ್ತಿಕೊಂಡ ತೆಳುಪೊರೆಯ ಒಂದೊಂದು ಜಾಗ ಒಂದೊಂದು ಆವೃತ್ತಿಗೆ ಮೀಸಲು. ಬುಡದ ಕಡೆ ತಾರ ಸ್ವರ, ತುದಿಯ ಕಡೆ ಮಂದ್ರ. ಪೊರೆಯ ಮೇಲೆ ಶಬ್ದದ ಅಲೆ ಹೇಗೆ ಸಾಗುತ್ತದೆ ಎಂದು ತೋರಿಸಿಕೊಟ್ಟ ಗಿಯಾರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಒಂದು ಕಿವಿಯಲ್ಲಿ ಒಳಸಾಲಿನ ಸುಮಾರು 3,500 ಮತ್ತು ಹೊರಸಾಲಿನ ಸುಮಾರು 12,000 ರೋಮಕೋಶಗಳು, ಎಂದರೆ ಶಬ್ದವನ್ನು ಗ್ರಹಿಸುವ ಕೋಶಗಳು, ಇರುತ್ತವೆ. ಹುಟ್ಟುವಾಗ ಪಡೆದು ಬಂದದ್ದು ಅಷ್ಟೇ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ.

ಅತಿಶಬ್ದದಿಂದ ಮೊದಲು ಸಾಯುವವು 4000 ಹರ್ಟ್ಸ್‌ನ ಹತ್ತಿರದ ಕೋಶಗಳು. ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವ ಯಂತ್ರದವನೇ ಇರಲಿ, ತೋಟದಲ್ಲಿ ದಿನವಿಡೀ ಹುಲ್ಲು ಕತ್ತರಿಸುವ ಯಂತ್ರ ಹೆಗಲಿಗೇರಿಸಿದವನೇ ಇರಲಿ, ಶ್ರವಣಪರೀಕ್ಷೆಯ ಗೆರೆ ಸಾಮಾನ್ಯವಾಗಿ ಕುಸಿಯತೊಡಗುವುದು ಆ ಜಾಗದಲ್ಲಿಯೇ. ಶಬ್ದ ಎಲ್ಲಿಂದ ಬಂತು, ಅದರ ಸ್ವರ ಯಾವುದು ಎಂಬುದಕ್ಕಿಂತ ಕಿವಿಯ ರಚನೆ ಹೇಗಿದೆ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. ಮೂವತ್ತು ವರ್ಷ ಯಕ್ಷಗಾನ ಮೇಳದ ತಿರುಗಾಟ ಮಾಡಿದ ಹಿರಿಯ ಚೆಂಡೆವಾದಕರೊಬ್ಬರು ನನ್ನೊಡನೆ ಹೇಳಿಕೊಂಡದ್ದು ಇದನ್ನೇ: “ಕೇಳುವುದು ಕೇಳುತ್ತದೆ, ಏನು ಹೇಳಿದರೆಂದು ತಿಳಿಯುವುದಿಲ್ಲ.” ಕನ್ನಡದ ಸ್ವರಗಳೆಲ್ಲ ತಗ್ಗಿನ ಆವೃತ್ತಿಯಲ್ಲಿ ಭದ್ರವಾಗಿ ಕೂತಿರುತ್ತವೆ, ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಇರುವುದು ಮೇಲಿನ ಆವೃತ್ತಿಗಳಲ್ಲಿ. ಹಾಗಾಗಿ ಕತ್ತು, ಹತ್ತು, ಸತ್ತು ಮೂರೂ ಅವರಿಗೆ ಒಂದೇ ಆಗಿಬಿಡುತ್ತವೆ, ಮನೆಯವರು ಅಪ್ಪನಿಗೆ ಗಮನವಿಲ್ಲ ಎಂದು ಸಿಟ್ಟಾಗುತ್ತಾರೆ.

ಚೆಂಡೆ ಹುಟ್ಟಿದ್ದು ಮೈಕ್ ಇಲ್ಲದ ಕಾಲಕ್ಕೆ. ಸಂಜೆ ‘ಕೇಳಿ’, ಎಂದರೆ ಆಟವನ್ನು ಸಾರುವ ಚೆಂಡೆ, ಬಡಿದರೆ ಸುತ್ತಲ ಮಾಗಣೆಯ ಹಳ್ಳಿಗಳಿಗೆ ಇಂದು ಆಟವಿದೆ ಎಂದು ತಿಳಿಯಬೇಕಿತ್ತು. ಈಗ ಅದೇ ಚೆಂಡೆಗೆ ಮೈಕ್ ಹಿಡಿದು ಎದುರುಬದುರು ಪೆಟ್ಟಿಗೆ ಇಟ್ಟಿದ್ದೇವೆ, ಪೆಟ್ಟಿನ ಬಲವನ್ನು ಮಾತ್ರ ಯಾರೂ ಇಳಿಸಿಲ್ಲ. ಒಮ್ಮೆ ಯುದ್ಧದ ಸನ್ನಿವೇಶದಲ್ಲಿ ರಂಗಸ್ಥಳದ ಬಲಬದಿಗೆ ಕೂತು ಮೊಬೈಲಿನ ಮಾಪಕ ತೆರೆದು ನೋಡಿದೆ, ಮುಳ್ಳು ನೂರರ ಆಚೀಚೆ ಕುಣಿಯುತ್ತಿತ್ತು. ಮೊಬೈಲಿನ ಮೈಕ್ ಅದಕ್ಕಿಂತ ಮೇಲಿನದನ್ನು ಸರಿಯಾಗಿ ಅಳೆಯಲಾರದು, ಆದ್ದರಿಂದ ಆ ಅಂಕಿಯನ್ನು ಪುರಾವೆ ಎನ್ನುವುದಿಲ್ಲ. ಆದರೆ ಕಾರ್ಮಿಕರ ಕಿವಿಯ ರಕ್ಷಣೆಗೆ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ, ಆ ಮೇಲೆ ಪ್ರತಿ 3 ಡೆಸಿಬಲ್ ಏರಿದಾಗ ಶಕ್ತಿ ಇಮ್ಮಡಿ, ಸಹಿಸಬಹುದಾದ ಹೊತ್ತು ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಕಾಲಮಿತಿಯ ಆಟವೂ ಇದರ ಎಷ್ಟೋ ಪಟ್ಟು ಉದ್ದ. ಕಿವಿಗೆ ಹತ್ತಿ ತುರುಕಿಕೊಂಡರೆ ಸಿಗುವ ರಕ್ಷಣೆ ಅತ್ಯಲ್ಪ. ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಡೆಗಳು ಎಲ್ಲ ಆವೃತ್ತಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವುದರಿಂದ ಭಾಗವತರ ತಾಳ ತಪ್ಪುವುದಿಲ್ಲ. ಹಿಮ್ಮೇಳದಲ್ಲಿ ಅದನ್ನು ಹಾಕಿಕೊಂಡವರನ್ನು ನಾನಂತೂ ನೋಡಿಲ್ಲ.

ಇನ್ನು 432 ಮತ್ತು 528ರ ಕಥೆ. ಪಾಶ್ಚಾತ್ಯ ಸಂಗೀತದಲ್ಲಿ ‘ಎ’ ಸ್ವರವನ್ನು 440 ಹರ್ಟ್ಸ್‌ಗೆ ನಿಲ್ಲಿಸಬೇಕೆಂದು 1939ರಲ್ಲಿ ಲಂಡನ್ನಿನ ಸಮ್ಮೇಳನವೊಂದು ಒಪ್ಪಿತು, 1955ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಅದನ್ನು ಗಟ್ಟಿಮಾಡಿತು. ಅದು ಬೇರೆ ಬೇರೆ ದೇಶದ ವಾದ್ಯಗಳು ಒಟ್ಟಿಗೆ ನುಡಿಯಲಿ ಎಂಬ ವ್ಯವಹಾರದ ಒಪ್ಪಂದ. ಇಟಲಿಯ ಸಂಗೀತಕಾರ ವರ್ಡಿ 1884ರಲ್ಲಿ 432ಕ್ಕೆ ಒಪ್ಪಿದ್ದು ಶ್ರುತಿ ವಿಪರೀತ ಏರುವುದು ಬೇಡವೆಂದು. 440ಕ್ಕೂ 432ಕ್ಕೂ ಇರುವ ಅಂತರ ಹಾರ್ಮೋನಿಯಮ್ಮಿನ ಒಂದು ಬಿಳಿಮನೆಯಿಂದ ಪಕ್ಕದ ಕಪ್ಪುಮನೆಗೆ ಇರುವ ಅಂತರದ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಭಾಗವತರಲ್ಲಿ ಒಬ್ಬರ ಶ್ರುತಿ ಕಪ್ಪು ಮೂರು, ಇನ್ನೊಬ್ಬರದು ಬಿಳಿ ನಾಲ್ಕು. ಗಂಟಲು ಕಟ್ಟಿದ ದಿನ ಅದೂ ಒಂದು ಮನೆ ಕೆಳಗಿಳಿಯುತ್ತದೆ. ಷಡ್ಜವನ್ನು ಹಾಡುವವರ ಶಾರೀರಕ್ಕೆ ಬಿಟ್ಟುಕೊಟ್ಟ ಸಂಗೀತದಲ್ಲಿ ಬೆಳೆದವರಿಗೆ, ಒಂದೇ ಒಂದು ಆವೃತ್ತಿಯಲ್ಲಿ ಪಾವಿತ್ರ್ಯವಿದೆ ಎಂಬ ಮಾತು ಮೊದಲ ಕೇಳಿಗೇ ವಿಚಿತ್ರವಾಗಿ ಕಾಣಬೇಕಿತ್ತು.

ಸೆಕೆಂಡು ಎಂಬುದೇ ಮನುಷ್ಯರು ಮಾಡಿಕೊಂಡ ಅಳತೆ ಎಂಬುದನ್ನೂ ಮರೆಯಬಾರದು. ದಿನವನ್ನು 86,400 ಪಾಲು ಮಾಡಿದ್ದರಿಂದ 432 ಎಂಬ ಅಂಕಿ ಬಂತು. ಪಂಚಾಂಗದ ಹಾಗೆ ದಿನವನ್ನು 60 ಗಳಿಗೆ, ಗಳಿಗೆಯನ್ನು 60 ವಿಗಳಿಗೆ ಮಾಡಿ ಎಣಿಸಿದರೆ ವಿಗಳಿಗೆಗೆ 24 ಸೆಕೆಂಡು; ಆಗ ಅದೇ ಸ್ವರ 10,368, 528 ಆದರೆ 12,672. ಸ್ವರ ಕೂದಲೆಳೆಯಷ್ಟೂ ಕದಲಲಿಲ್ಲ, ಅಂಕಿಯ ಮಹಿಮೆ ಮಾತ್ರ ಮಾಯವಾಯಿತು.

528 ಹರ್ಟ್ಸ್ ಡಿಎನ್‌ಎಯನ್ನು ಸರಿಮಾಡುತ್ತದೆ ಎಂಬ ಮಾತನ್ನು ಅಳತೆಗೋಲಿನಿಂದಲೇ ನೋಡಬಹುದು. ದೇಹದ ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುವುದರಿಂದ 528 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 2.8 ಮೀಟರ್, ಎಂದರೆ ಮನುಷ್ಯನಿಗಿಂತ ಉದ್ದ. ಡಿಎನ್‌ಎ ಎಳೆಯ ಅಗಲ 2 ನ್ಯಾನೋಮೀಟರ್. ಅಲೆ ಇಡೀ ದೇಹವನ್ನು ಒಟ್ಟಿಗೇ ಅತಿ ಸೂಕ್ಷ್ಮವಾಗಿ ಆಡಿಸೀತೇ ವಿನಾ ಒಂದು ಎಳೆಯನ್ನು ಹುಡುಕಿ ಹೊಲಿಯಲಾರದು. 7.83ರ ವಿಷಯದಲ್ಲಿ ಮೋಸ ಇನ್ನೂ ಸರಳ: ಶೂಮನ್ ಅನುರಣನೆ ಎಂಬ ಆ ಭೂಮಿಯ ಕಂಪನ ವಿದ್ಯುತ್ಕಾಂತೀಯವಾದದ್ದು, ಶಬ್ದವೇ ಅಲ್ಲ. ಶಬ್ದವಾಗಿದ್ದರೂ ಮೊಬೈಲಿನ ಬೆರಳುಗಾತ್ರದ ಸ್ಪೀಕರಿನಿಂದ ಅದು ಹೊರಡುವಂತಿಲ್ಲ.

ಹಾಗಾದರೆ ಅತ್ತೆಗೆ ನಿದ್ದೆ ಬರುವುದು ಸುಳ್ಳೇ? ಅಲ್ಲ. ಮೃದುವಾಗಿ ಎಳೆದ ನಾದ ಕೇಳುತ್ತಾ ಉಸಿರು ನಿಧಾನವಾಗುತ್ತದೆ, ಅಲ್ಲಿಂದಾಚೆಗಿನ ಕೆಲಸ ಉಸಿರಿನದು. ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಮಂದಿಯನ್ನು ಕೂರಿಸಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು ಹೃದಯಬಡಿತ ಮತ್ತು ರಕ್ತದೊತ್ತಡದ ಏರಿಳಿತಗಳು ಒಂದೇ ಲಯಕ್ಕೆ ಬಂದವು. ಭಾಷೆ ಬೇರೆ, ದೇವರು ಬೇರೆ, ಸ್ವರ ಬೇರೆ. ಒಂದಾದದ್ದು ಸಾಲಿನ ಉದ್ದ. 2002ರಲ್ಲಿ ಸ್ವೀಡನ್ನಿನ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್, ಬಾಯಿ ಮುಚ್ಚಿ ಗುಂಯ್‌ಗುಟ್ಟಿದಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ 15 ಪಟ್ಟು ಹೆಚ್ಚುವುದನ್ನು ಅಳೆದರು. ಭ್ರಾಮರಿ ಪ್ರಾಣಾಯಾಮ ಮಾಡುವವರಿಗೆ ಖುಷಿ ಕೊಡುವ ಸಂಗತಿಯೇ ಸರಿ, ಆದರೆ ಅಲ್ಲಿ ಶಬ್ದ ಹುಟ್ಟುವುದು ನಮ್ಮದೇ ಗಂಟಲಿನಲ್ಲಿ, ಹಾಯುವುದು ನಮ್ಮದೇ ಮೂಗಿನಲ್ಲಿ.

ಕೇಳಿಸದ ಶಬ್ದದ ಕಥೆಗಳು ಇದರ ತದ್ವಿರುದ್ಧ, ಹೆದರಿಸುವವು. 20 ಹರ್ಟ್ಸ್‌ಗಿಂತ ಕೆಳಗಿನದು ಸಾಮಾನ್ಯವಾಗಿ ಕಿವಿಗೆ ಸಿಗುವುದಿಲ್ಲ. ಇಂಗ್ಲೆಂಡಿನ ಕೊವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿ ತನ್ನ ಪ್ರಯೋಗಾಲಯದಲ್ಲಿ ರಾತ್ರಿ ಒಬ್ಬನೇ ಇದ್ದಾಗ ಬೆವರಿ, ಬದಿಯಲ್ಲಿ ಬೂದುಬಣ್ಣದ ಆಕೃತಿಯೊಂದನ್ನು ಕಂಡ. ಮರುದಿನ ಕತ್ತಿವರಸೆಯ ಕತ್ತಿಯನ್ನು ಸರಿಮಾಡಲೆಂದು ಮೇಜಿನ ಇಕ್ಕುಳಕ್ಕೆ (ವೈಸ್) ಬಿಗಿದಾಗ ಅದರ ಅಲಗು ತಾನಾಗಿ ನಡುಗುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಹೊಸದಾಗಿ ಕೂರಿಸಿದ್ದ ಒಂದು ಫ್ಯಾನ್, ಅದು ಎಬ್ಬಿಸುತ್ತಿದ್ದದ್ದು 19 ಹರ್ಟ್ಸ್‌ನ ಅಲೆ. 1998ರಲ್ಲಿ ಅವನು ಇದನ್ನು ಪ್ರಕಟಿಸಿದ. ನಮ್ಮ ಕಡೆ ಅಂಥ ಜಾಗದಲ್ಲಿ ಮೊದಲು ಗುಳಿಗ ದೈವದ ನೆನಪಾಗುತ್ತದೆ, ಫ್ಯಾನಿನದಲ್ಲ. ಕಥೆ ಸೊಗಸಾಗಿದೆ, ಆದರೆ ಒಬ್ಬನ ಅನುಭವ ಒಂದು ಸಿದ್ಧಾಂತವಾಗುವುದಿಲ್ಲ. ಇದಕ್ಕಿಂತ ಗಟ್ಟಿಯಾದದ್ದು ನ್ಯೂಜಿಲೆಂಡಿನ ಫಿಯೋನಾ ಕ್ರೈಟನ್ ಮತ್ತು ಸಂಗಡಿಗರ 2014ರ ಪ್ರಯೋಗ. 54 ಮಂದಿಯಲ್ಲಿ ಕೆಲವರಿಗೆ ವಿದ್ಯುತ್ ಮಾಡುವ ಗಾಳಿಯಂತ್ರದ ಅಶ್ರಾವ್ಯ ಶಬ್ದದಿಂದ ಕಾಯಿಲೆ ಬರುತ್ತದೆ ಎನ್ನುವ ವಿಡಿಯೊ ತೋರಿಸಿ, ಆ ಮೇಲೆ ಹತ್ತು ನಿಮಿಷ ನಿಜವಾದ ಶಬ್ದ, ಹತ್ತು ನಿಮಿಷ ಬರೀ ಮೌನ ಕೇಳಿಸಿದರು. ವಿಡಿಯೊ ನೋಡಿದವರಿಗೆ ಎರಡರಲ್ಲೂ ತಲೆನೋವು, ವಾಕರಿಕೆಯಂಥ ತೊಂದರೆಗಳು ಹೆಚ್ಚಿದವು. ನೋಡದವರಿಗೆ ಎರಡರಲ್ಲೂ ಏನೂ ಆಗಲಿಲ್ಲ. 2016ರಲ್ಲಿ ಹವಾನಾದ ಅಮೆರಿಕನ್ ರಾಜತಾಂತ್ರಿಕರು ಶಬ್ದದ ಆಯುಧವೆಂದು ಶಂಕಿಸಿ ಧ್ವನಿಮುದ್ರಿಸಿಕೊಂಡ ಸದ್ದು ಅಲ್ಲಿನ ಒಂದು ಜಾತಿಯ ಜೀರುಂಡೆಯ ಕೂಗಿಗೆ ಹೊಂದುತ್ತದೆ ಎಂದು 2019ರಲ್ಲಿ ಇಬ್ಬರು ಜೀವವಿಜ್ಞಾನಿಗಳು ತೋರಿಸಿದರು. ಆಷಾಢದ ರಾತ್ರಿ ಅಡಿಕೆತೋಟದ ನಡುವೆ ಮಲಗಿ ಗೊತ್ತಿದ್ದವರು ಅದನ್ನು ಆಯುಧ ಎನ್ನುತ್ತಿದ್ದರೋ ಇಲ್ಲವೋ.

ಆವೃತ್ತಿಗೆ ಬಲವನ್ನೂ ಗುರಿಯನ್ನೂ ಕೂಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಪತ್ರೆಗಳಲ್ಲೇ ಸಾಕ್ಷಿ ಇದೆ. ಮಂಗಳೂರಿಗೆ ಹೋಗಿ ಮೂತ್ರಪಿಂಡದ ಕಲ್ಲನ್ನು ‘ಪುಡಿ ಮಾಡಿಸಿಕೊಂಡು’ ಬಂದವರು ನಮ್ಮಲ್ಲಿ ಬೇಕಾದಷ್ಟು ಮಂದಿ. 1980ರಲ್ಲಿ ಮ್ಯೂನಿಕ್‌ನಲ್ಲಿ ಮನುಷ್ಯರ ಮೇಲೆ ಮೊದಲು ನಡೆದ ಆ ಚಿಕಿತ್ಸೆಯಲ್ಲಿ ಹೊರಗಿನಿಂದ ಕೇಂದ್ರೀಕರಿಸಿದ ಆಘಾತದ ಅಲೆಗಳೇ ಕಲ್ಲನ್ನು ಒಡೆಯುತ್ತವೆ. ಕೈನಡುಕದ ಒಂದು ಬಗೆಗೆ ತಲೆಬುರುಡೆ ತೆರೆಯದೆ ಶ್ರವಣಾತೀತ ಶಬ್ದವನ್ನು ಮಿದುಳಿನ ಒಂದು ಚುಕ್ಕೆಗೆ ಕೂಡಿಸಿ ಸುಡುವ ವಿಧಾನಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ನಿರ್ದಿಷ್ಟ ಸಂಖ್ಯೆಗೇ ಮಹತ್ವವಿರಬಹುದಾದ ಒಂದು ಪ್ರಕರಣವೂ ಇದೆ: ಸೆಕೆಂಡಿಗೆ 40 ಸಲ ಮಿನುಗುವ ಬೆಳಕು ಇಲಿಗಳ ಮಿದುಳಿನಲ್ಲಿ ಅಲ್ಜೈಮರ್‌ಗೆ ಸಂಬಂಧಿಸಿದ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಇಳಿಸಿತು ಎಂದು ಅಮೆರಿಕದ ಎಂಐಟಿಯ ಲಿ-ಹ್ವೇ ತ್ಸಾಯ್ ಅವರ ತಂಡ 2016ರಲ್ಲಿ ಹೇಳಿತು, 2019ರಲ್ಲಿ ಶಬ್ದದ ತುಣುಕುಗಳಿಂದಲೂ ಹಾಗೆ ಆಯಿತೆಂದಿತು. 2023ರಲ್ಲಿ ಇನ್ನೊಂದು ತಂಡಕ್ಕೆ ಬೆಳಕಿನಿಂದ ಆ ಫಲ ಸಿಗಲಿಲ್ಲ. ವಾದ ಇನ್ನೂ ನಡೆಯುತ್ತಿದೆ, ಮೊಬೈಲಿನಲ್ಲಿ ಮಾತ್ರ ಅದರ ‘ಔಷಧ’ ಆಗಲೇ ಬಂದಾಗಿದೆ.

ಮತ್ತೆ ಗುದ್ದಿಗೆ ಬರಬೇಕು, ನಮ್ಮ ಊರುಗಳ ಮಟ್ಟಿಗೆ ನಿಜವಾದ ಪ್ರಶ್ನೆ ಅದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು, ಸರಕಾರ ವರ್ಷಕ್ಕೆ 15 ದಿನ ಮೀರದಂತೆ ಹಬ್ಬಹರಿದಿನಗಳಿಗೆ ನಡುರಾತ್ರಿಯ ತನಕ ಸಡಿಲಿಸಬಹುದು. ಕಾಗದದ ಮೇಲೆ ಸರಿಯಾಗಿಯೇ ಇದೆ. ತೊಡಕಿರುವುದು ‘ಡೆಸಿಬಲ್ ಎ’ ಎಂಬ ಅಳತೆಯಲ್ಲಿ. ಮನುಷ್ಯರ ಕಿವಿ ತಗ್ಗಿನ ಆವೃತ್ತಿಗಳಿಗೆ ಮಂದವಾದ್ದರಿಂದ ಈ ಮಾಪಕ ಅವುಗಳನ್ನು ಕಳೆದು ತೋರಿಸುತ್ತದೆ: 100 ಹರ್ಟ್ಸ್‌ನಲ್ಲಿ ಸುಮಾರು 19, 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬಲ್. ಎಂದರೆ ಅಂಗಳದಲ್ಲಿ 85 ಡೆಸಿಬಲ್‌ನ 50 ಹರ್ಟ್ಸ್ ಗುದ್ದು ಬೀಳುತ್ತಿದ್ದರೂ ಮಾಪಕದಲ್ಲಿ 55 ಎಂದು ಬರುತ್ತದೆ, ಹಗಲಿನ ಮಿತಿಯೊಳಗೆ. ಮಾತಿನ ಸದ್ದನ್ನೋ ಹಾರ್ನಿನ ಸದ್ದನ್ನೋ ಅಳೆಯಲು ಈ ಮಾಪಕ ಸರಿ. ಡಿಜೆ ಪೆಟ್ಟಿಗೆಯ 40ರಿಂದ 100 ಹರ್ಟ್ಸ್‌ನ ಗುದ್ದಿಗೆ ಅದು ಕಣ್ಣುಮುಚ್ಚಿಕೊಂಡಂತೆ. 50 ಹರ್ಟ್ಸ್‌ನ ಅಲೆಯ ಉದ್ದ ನಮ್ಮ ಸೆಕೆಗಾಲದ ಗಾಳಿಯಲ್ಲಿ ಸುಮಾರು 7 ಮೀಟರ್. ಅದಕ್ಕೆ ತೋಟ ಅಡ್ಡವಲ್ಲ, ಹಂಚಿನ ಮಾಡೂ ಅಡ್ಡವಲ್ಲ. ತಗ್ಗಿನ ಆವೃತ್ತಿಗಳನ್ನು ಅಷ್ಟಾಗಿ ಕಳೆಯದ ‘ಸಿ’ ಎಂಬ ಇನ್ನೊಂದು ಅಳತೆಯಲ್ಲಿ ನೋಡಿದರೆ ಅದೇ ಗುದ್ದು 84 ಎಂದು ಬರುತ್ತದೆ, ಒಳ್ಳೆಯ ಮಾಪಕಗಳಲ್ಲಿ ಅದಕ್ಕೆ ಒಂದು ಗುಂಡಿ ಇದ್ದೇ ಇರುತ್ತದೆ. ಜರ್ಮನಿ, ಸ್ವೀಡನ್‌ಗಳಲ್ಲಿ ತಗ್ಗಿನ ಆವೃತ್ತಿಗೆಂದೇ ಬೇರೆ ಮಾರ್ಗಸೂಚಿ ಇದೆ, ನಮ್ಮ ನಿಯಮದಲ್ಲಿ ಇಲ್ಲ. ಈ ಗುದ್ದು ಕಿವಿಯನ್ನು ಕೆಡಿಸುವಷ್ಟು ಬಲದ್ದಲ್ಲ, ಅದು ಕೆಡಿಸುವುದು ನಿದ್ದೆಯನ್ನು. ಮಲಗಿದವರಿಗೆ ಎಚ್ಚರವಾಗದಿದ್ದರೂ ಶಬ್ದಕ್ಕೆ ನಾಡಿ ಏರುತ್ತದೆ, ಒತ್ತಡದ ಹಾರ್ಮೋನುಗಳು ಏರುತ್ತವೆ. ಹೆದ್ದಾರಿ ಬದಿಯ ರಾತ್ರಿಯ ಸದ್ದು 45 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪು ವಿಭಾಗ 2018ರಲ್ಲಿ ಶಿಫಾರಸು ಮಾಡಿದ್ದು ನಿದ್ದೆಯನ್ನು ನೋಡಿಯೇ.

ಮುಂದಿನ ತಿಂಗಳು ಅದೇ ಮೈದಾನದಲ್ಲಿ ಸಂಜೆ ಇನ್ನೊಂದು ಔತಣ. ಯಾರೋ ದೂರು ಕೊಟ್ಟಿದ್ದರಿಂದ ಅಳೆಯುವವರು ಬಂದರು, ಅತ್ತೆಯ ಅಂಗಳದಲ್ಲೇ ಮಾಪಕ ಹಿಡಿದರು, 54 ಎಂದು ಬರೆದುಕೊಂಡು ಹೋದರು. ಅವರು ಹಿಡಿದದ್ದು ಸುಳ್ಳು ಅಂಕಿಯೇನೂ ಅಲ್ಲ. ಒಳಗೆ ಬಂದಾಗ ಅತ್ತೆ ಹಳೆಯ ಪೇಪರನ್ನು ನಾಲ್ಕಾಗಿ ಮಡಿಸಿ ಕಿಟಕಿಯ ಆ ಒಂದು ಗಾಜಿನ ಸಂದಿಗೆ ತುರುಕುತ್ತಿದ್ದರು. ಜಿರ್ರೆನ್ನುವುದು ನಿಂತಿತು. ಚಾವಡಿಯೊಳಗೆ ಮಾಪಕ ಹಿಡಿದಿದ್ದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬಹುದಾಗಿದ್ದ ಸದ್ದು ಬಹುಶಃ ಆ ಗಾಜಿನದೊಂದೇ ಆಗಿತ್ತು. ಗುದ್ದು ಹಾಗೆಯೇ ಇತ್ತು, ದಿಂಬಿಗೆ ಕಿವಿಯಿಟ್ಟರೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು.